ಅಕ್ಕನ ಲಾಟ್ ಕಾಯ್ದ ದಿನ

ಕಳೆದ ಸೋಮವಾರ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ನಾನು ಹದಿಮೂರು ಕಳ್ಳರನ್ನು ಓಡಿಸಿದೆ.

ಓಡಿಸಿದೆ ಅಂದರೆ, ಕೂತಲ್ಲಿಂದಲೇ ಬೈದೆ. (ಬೆನ್ನಟ್ಟುವ ಮಾತಿಗೆ ಮೊಣಕಾಲು ಒಪ್ಪುವುದಿಲ್ಲ.)

ಮೋಟೆಬೆನ್ನೂರಿನ ನಮ್ಮಕ್ಕ ಈ ಸಲ ಹಟ ಹಿಡಿದು ಮೆಣಸಿನಕಾಯಿ ಬೆಳೆದಿದ್ದಳು. ಅವಳ ಗಂಡ, ಅಂದರೆ ನಮ್ಮ ಮಾವನಿಗೆ, ಗೋವಿನಜೋಳವೇ ಆಗಬೇಕಿತ್ತು. "ರೇಟ್ ಬಂದ್ರ ಮುಂದಿನ ವರ್ಷಾನೂ ನಿಂದ ಮಾತು. ಬರಲಿಲ್ಲಂದ್ರ ಹೊಲದ ಸುದ್ದಿಗೆ ಬರಬ್ಯಾಡ" ಎಂದಿದ್ದನಂತೆ. ಅಕ್ಕನ ಒಂದು ವರ್ಷದ ಹಟ ಒಂಬತ್ತು ಚೀಲದಲ್ಲಿತ್ತು. ಜೊತೆಗಿರಲಿ ಎಂದು ರಾಣೇಬೆನ್ನೂರಿನಿಂದ ನನ್ನನ್ನು ಕರೆಸಿದ್ದಳು. ಪಾಪ.

ದಲಾಲರ ಅಂಗಡಿಯ ಮುಂದೆ ಚೀಲಗಳ ಬಾಯಿ ಬಿಚ್ಚಿ, ಲಾಟ್ ನಂಬರಿನ ಚೀಟಿ ಇಟ್ಟರು. ಖರೀದಿದಾರರು ಆ ನಂಬರಿಗೆ ತಮ್ಮ ರೇಟ್ ಹಾಕುತ್ತಾರೆ. ಹೆಚ್ಚು ಹಾಕಿದವರಿಗೆ ಮಾಲು.

"ತಮ್ಮಾ, ನಾಷ್ಟಾ ಮಾಡಿ, ಆಕಡೆ ಓಣ್ಯಾಗ ನಮ್ಮೂರವರ ಲಾಟ್ ನೋಡ್ಕೊಂಡು ಬರ್ತೇನಿ. ನೀ ಏನೂ ಮಾಡಬ್ಯಾಡ, ಸುಮ್ನ ಕುಂದ್ರು" ಎಂದು ಅಕ್ಕ ಹೋದಳು.

ಸುಮ್ಮನೆ ಕೂರುವುದು ನನಗೆ ಬಾರದ ವಿದ್ಯೆ. ಮೊಬೈಲ್ ತೆಗೆದು ಡಿಕ್ಷನರಿಯಲ್ಲಿ 'ಲಾಟ್' ಹುಡುಕಿದೆ. ಹಳೇ ಇಂಗ್ಲಿಷಿನಲ್ಲಿ ಅದು ಗುರುತು ಮಾಡಿದ ಕಟ್ಟಿಗೆಯ ಚೂರಂತೆ. ಪಾತ್ರೆಯಲ್ಲಿ ಹಾಕಿ, ಕುಲುಕಿ, ಎತ್ತುವುದು. ನಮ್ಮ ಚೀಟಿ ಎತ್ತಿದ ಹಾಗೆ. ಎತ್ತಿದ್ದರಿಂದ ಸಿಕ್ಕ ಪಾಲೂ ಲಾಟ್ ಆಯಿತು, ಜಾಗದ ತುಂಡೂ ಆಯಿತು. ಹರಾಜಿನ ಮಾಲಿಗೂ ಅದೇ ಹೆಸರು. 'ಬಹಳ' ಎನ್ನುವುದಕ್ಕೂ ಅದೇ. ಲಾಟರಿ ಇದರ ಬಳಗವೇ. ಸೈಟ್ ಅಲಾಟ್ ಆಗುತ್ತದಲ್ಲ, ಅದೂ. ಕೊನೆಗೆ ಇನ್ನೊಂದು ಅರ್ಥವೂ ಇತ್ತು: ಹಣೆಬರಹ!

ತಲೆಯೆತ್ತಿದರೆ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಒಬ್ಬ ಅಕ್ಕನ ಚೀಲಕ್ಕೆ ಕೈ ಹಾಕಿದ್ದ. ಒಂದು ಹಿಡಿ ತೆಗೆದ, ಮೂಸಿದ, ಒಂದನ್ನು ಮುರಿದ. ಹಿಂದೆಯೇ ಇನ್ನೊಬ್ಬ. ಅವನ ಹಿಂದೆ ಮತ್ತೊಬ್ಬ. ಹಿಡಿ ಹಿಡಿ ಒಯ್ದರೆ ಸಂಜೆಗೆ ಉಳಿಯುವುದೇನು? "ಏನ್ರೀ, ನಿಮ್ಮಪ್ಪನ ಮಾಲೇನು?" ಎಂದೆ. ಹದಿಮೂರು ಜನಕ್ಕೂ ಅದೇ ಪ್ರಶ್ನೆ. ಆಮೇಲೆ ಹಮಾಲರ ಹತ್ತಿರ ದಬ್ಬಣ, ಸುತಳಿ ಇಸಿದುಕೊಂಡು ಒಂಬತ್ತೂ ಚೀಲದ ಬಾಯಿ ಹೊಲಿದುಬಿಟ್ಟೆ. ಎಷ್ಟೋ ವರ್ಷಗಳ ಮೇಲೆ ಒಂದು ಕೆಲಸ ಪೂರ್ತಿ ಮುಗಿಸಿದ್ದೆ.

ಟೆಂಡರ್ ಮುಗಿಯಿತು. ಅಕ್ಕನ ಲಾಟಿಗೆ ಒಬ್ಬರೂ ರೇಟ್ ಹಾಕಿರಲಿಲ್ಲ.

ದಲಾಲರು ಹಣೆ ಹಣೆ ಬಡಿದುಕೊಂಡರು. "ಅಲ್ರೀ ಸಾಹೇಬ್ರ, ಅವ್ರೇ ಖರೀದಿದಾರ್ರು! ಘಾಟಿಗೆ ಮೂಗು ಕಟ್ಕೊಂಡಿರ್ತಾರ. ಮುರದು ನೋಡದ ಯಾರು ರೇಟ್ ಹಾಕ್ತಾರ? ಬಾಯಿ ಹೊಲದಾರಂದ್ರ ಒಳಗ ಹಸಿ ಮಾಲ ಐತಿ ಅಂತ ಮುಂದ ಹೋಗ್ಯಾರ."

ಖರೀದಿದಾರ ಎಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಎಂದು ಯಾರು ನನ್ನ ತಲೆಯಲ್ಲಿ ಹಾಕಿದ್ದರೋ!

ಅಕ್ಕ ಬಂದಳು. ಚೀಲ ನೋಡಿದಳು. ನನ್ನನ್ನು ನೋಡಿದಳು. ನಾನು ಓದಿದ್ದನ್ನೇ ಒಪ್ಪಿಸಿದೆ: "ಲಾಟ್ ಅಂದ್ರ ಹಣೇಬರಹ ಅಂತನೂ ಐತಿ ಅಕ್ಕಾ..."

"ಹೌದಾ? ಹಣೇಬರಹಕ್ಕ ಸುತಳಿ ಹಾಕಿ ಹೊಲದಾಂವ ಯಾರು?"

ಅಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು. ನಾನು ಸುತಳಿ ಸುತ್ತಿಟ್ಟೆ.

ಗುರುವಾರ ಮತ್ತೆ ಮಾರ್ಕೆಟ್. ಈ ಸಲ ನನ್ನನ್ನು ಕರೆಯಲಿಲ್ಲ. ರಾಣೇಬೆನ್ನೂರಿನಲ್ಲೇ ಕೂತು ಚಿಂತೆ ಮಾಡಿದೆ. (ಆ ಕೆಲಸಕ್ಕೆ ಊರು ಯಾವುದಾದರೇನು?) ಸಂಜೆ ಫೋನ್ ಬಂತು. ಒಳ್ಳೆಯ ರೇಟ್! ಮಾವ ಆಗಲೇ ಮುಂದಿನ ವರ್ಷದ ಮೆಣಸಿನ ಬೀಜದ ಮಾತು ತೆಗೆದಿದ್ದನಂತೆ.

"ಲಾಟ್ ಕಾಯಾಕ ಯಾರು ಕುಂತಿದ್ರು ಅಕ್ಕಾ?" ಎಂದು ಕೇಳಿದೆ.

"ಯಾರೂ ಇರಲಿಲ್ಲೋ ತಮ್ಮಾ. ಅದಕ್ಕ ರೇಟ್ ಬಂತು."