ಉಲ್ಟಾ ಚೌಕಾಸಿ

ಉಪದೇಶ ಮಾಡುವುದು ನಮ್ಮ ಮನೆತನದ ಕಸುಬು ಎನ್ನಬಹುದು. ನಮ್ಮಮ್ಮ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಸೊಪ್ಪು ಕೊಳ್ಳುತ್ತಲೇ, ಪಕ್ಕದಲ್ಲಿ ನಿಂತ ಗುರುತಿಲ್ಲದ ಹೆಂಗಸಿಗೆ ಮಂಡಿನೋವಿನ ಮದ್ದು ಹೇಳಿ ಬರುತ್ತಾಳೆ. ನಾನು ಓದಿ ಆಡಿಯಾಲಜಿಸ್ಟ್ ಆದ ಮೇಲೆ ಅದೇ ಕೆಲಸವನ್ನು ಬಿಳಿ ಕೋಟು ಹಾಕಿಕೊಂಡು ಮಾಡತೊಡಗಿದೆ. ಕುಕ್ ಟೌನಿನ ಹಳೆಯ ಬಂಗಲೆಯೊಂದರ ಮುಂದಿನ ಕೋಣೆಯಲ್ಲಿ ನಮ್ಮ ಕ್ಲಿನಿಕ್. ಜನರ ಕಿವಿ ಪರೀಕ್ಷಿಸಿ, ಕಿವಿ ಕೇಳಿಸುವ ಮಷೀನು ಹೊಂದಿಸಿಕೊಟ್ಟು, ‘ದಿನವಿಡೀ ಹಾಕ್ಕೊಳ್ಳಲೇಬೇಕು’ ಎಂದು ಹೇಳಿ ಕಳಿಸುತ್ತಿದ್ದೆ. ಅವರು ತಲೆಯಾಡಿಸಿ ಹೋಗಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು.

ಹೀಗಿರುವಾಗ ನಮ್ಮ ಹಿರಿಯ ಡಾಕ್ಟರು ನನ್ನನ್ನು ಇಂದಿರಾನಗರದಲ್ಲಿ ನಡೆದ ಒಂದು ತರಬೇತಿಗೆ ಕಳಿಸಿದರು. ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಎಂದು ಅದರ ಹೆಸರು. ಹೆಸರು ದೊಡ್ಡದಾದರೂ ಸಾರ ಇಷ್ಟೇ: ಬದಲಾಗು ಎಂದು ಯಾರನ್ನೂ ಒತ್ತಾಯಿಸಬೇಡ, ಕೇಳಿಸಿಕೋ, ಅವರ ಮಾತಿನ ಅರ್ಥವನ್ನು ಮೆಲ್ಲಗೆ ಅವರಿಗೇ ತಿರುಗಿಸಿ ಹೇಳು, ಬದಲಾಗಲು ಬೇಕಾದ ಕಾರಣ ಅವರ ಬಾಯಿಂದಲೇ ಬರಲಿ. ಆ ಸಂಜೆಯೇ ಅಮ್ಮನ ಮೇಲೆ ಪ್ರಯೋಗ ಮಾಡಿದೆ.

‘ಸಾರು ಸಪ್ಪೆ ಆಯ್ತು ಕಣೇ,’ ಎಂದಳು.

‘ಸಾರು ನೀನಂದ್ಕೊಂಡ ಹಾಗೆ ಬರ್ಲಿಲ್ಲ ಅಂತ ನಿಂಗೆ ಬೇಜಾರಾಗಿದೆ,’ ಎಂದೆ.

ಅಮ್ಮ ಸೌಟು ಕೆಳಗಿಟ್ಟು, ‘ಜ್ವರ ಏನಾದ್ರೂ ಬಂದಿದ್ಯಾ?’ ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಆ ವಾರ ಕ್ಲಿನಿಕ್ಕಿಗೆ ಬಂದವರು ಶಿವಾಜಿನಗರದಲ್ಲಿ ಲೇಸು, ಗುಂಡಿ, ಜರಿ ಅಂಚು ಮಾರುವ ಅಂಗಡಿಯ ಯಜಮಾನರು. ಜೊತೆಯಲ್ಲಿ ಅವರ ಹೆಂಡತಿ. ಹಿಂದಿನ ವರ್ಷ ನಾನೇ ಕೊಟ್ಟಿದ್ದ ಮಷೀನನ್ನು ಆಕೆ ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟರು. ಡಬ್ಬಿ ಹೊಸದರಂತೆಯೇ ಹೊಳೆಯುತ್ತಿತ್ತು.

‘ಸ್ವಲ್ಪ ಬೈರಿ ಮೇಡಂ ಇವ್ರಿಗೆ. ನನ್ನ ಮಾತು ಕೇಳಲ್ಲ.’

‘ಕೇಳ್ಸಲ್ಲ,’ ಎಂದು ಯಜಮಾನರು ತಿದ್ದಿದರು.

ನಾನು ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕೂತು, ದನಿ ಏರಿಸಿ ಕೇಳಿದೆ: ‘ಮಷೀನ್ ಹಾಕ್ಕೊಳ್ದೇ ಇದ್ರೆ ಏನೇನು ಅನುಕೂಲ ಸಾರ್?’

‘ಯಾ ಅಲ್ಲಾ! ಏನು ಕೇಳ್ತಿದೀರಾ ನೀವು?’ ಎಂದರು ಹೆಂಡತಿ.

ಯಜಮಾನರ ಮುಖ ಅರಳಿತು. ‘ಬಹಳ ಅನುಕೂಲ ಮೇಡಂ. ಗಿರಾಕಿಗಳು ಒಂದೇ ಸಮ ಚೌಕಾಸಿ ಮಾಡ್ತಾರೆ. ಕೇಳಿಸ್ಲಿಲ್ಲ ಅಂತ ಕೈಯಾಡಿಸ್ತೀನಿ. ಸುಸ್ತಾಗಿ, ಹೇಳಿದ ರೇಟೇ ಕೊಟ್ಟು ಹೋಗ್ತಾರೆ. ಮದುವೆ ಹಾಲ್‌ನಲ್ಲಿ ಗಲಾಟೆ ತೊಂದ್ರೆ ಇಲ್ಲ. ಇನ್ನು ಮನೇಲಿ...’ ಹೆಂಡತಿಯತ್ತ ನೋಡಿ ಅಷ್ಟಕ್ಕೇ ನಿಲ್ಲಿಸಿದರು.

‘ಅಂದ್ರೆ, ಕೇಳಿಸ್ದೇ ಇದ್ರೇನೇ ನೆಮ್ಮದಿ.’

‘ನೆಮ್ಮದಿ,’ ಎಂದು ಒಪ್ಪಿದರು.

ನಾನು ಸುಮ್ಮನಿದ್ದೆ. ಇಡೀ ತರಬೇತಿಯಲ್ಲಿ ಅತಿ ಕಷ್ಟದ ಪಾಠ ಅದೇ. ಅವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

‘ಆದ್ರೆ ಪೂರ್ತಿ ನೆಮ್ಮದಿ ಅಂತ ಹೇಳೋಕಾಗಲ್ಲ ಮೇಡಂ.’

ಸಂಜೆ ನಮಾಜಿನ ನಂತರ ಅಂಗಡಿಯ ಹಿಂದಿನ ಹೋಟೆಲ್ಲಿನಲ್ಲಿ ಅವರೂ ಹಳೆಯ ಗೆಳೆಯರೂ ಚಹಾಕ್ಕೆ ಕೂರುತ್ತಿದ್ದರಂತೆ. ಇವರಿಗೆ ಮಾತು ಅರ್ಧಂಬರ್ಧ ಕೇಳಿಸುತ್ತಿದ್ದುದರಿಂದ, ಯಾರಾದರೂ ಮಾತು ಮುಗಿಸಿದರೆ ಅದು ಜೋಕೇ ಇರಬೇಕೆಂದು ನಕ್ಕುಬಿಡುವುದು ರೂಢಿಯಾಗಿತ್ತು. ಒಂದು ಸಂಜೆ ಪಕ್ಕದ ಗೆಳೆಯ ಏನೋ ಹೇಳಿ ನಿಲ್ಲಿಸಿದ. ಇವರು ಜೋರಾಗಿ ನಕ್ಕು ಅವನ ಬೆನ್ನು ತಟ್ಟಿದರು. ಬೇರೆ ಯಾರೂ ನಗಲಿಲ್ಲ.

‘ಅವ್ನ ತಮ್ಮ ತೀರ್ಕೊಂಡಿದ್ದ. ಅದನ್ನ ಹೇಳ್ತಿದ್ದ ಮೇಡಂ.’

ಅವತ್ತಿನಿಂದ ಅವರು ಆ ಕಡೆ ಹೋಗಿರಲಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ಮನೆಯಲ್ಲಿ ಹೇಳಿದ್ದರು. ಹೆಂಡತಿಗೆ ಇದೊಂದೂ ಗೊತ್ತಿರಲಿಲ್ಲ. ಆಕೆ ಗಂಡನ ತೋಳಿನ ಮೇಲೆ ಕೈಯಿಟ್ಟು ಕೂತರು.

ಆಮೇಲೆ ನಾನು ಕೇಳಿದೆ: ‘ಮಷೀನ್ ಹಾಕ್ಕೊಳ್ಳೋದು ನಿಮ್ಗೆ ಎಷ್ಟು ಮುಖ್ಯ ಸಾರ್? ಹತ್ತಕ್ಕೆ ಎಷ್ಟು ಕೊಡ್ತೀರಾ?’

‘ಐದು.’

‘ಯಾಕೆ, ಮೂರು ಯಾಕಲ್ಲ?’

ಅವರು ನನ್ನನ್ನು ಕನಿಕರದಿಂದ ನೋಡಿದರು. ‘ಅರೆ, ಇದ್ಯಾವ ಚೌಕಾಸಿ ಮೇಡಂ? ಮಾರೋರು ನೀವು. ಏಳು, ಎಂಟು ಅಂತ ಏರಿಸ್ಬೇಕು. ಉಲ್ಟಾ ಇಳಿಸ್ತಿದೀರಲ್ಲ!’

‘ನೀವು ಮೂರು ಅನ್ಬಹುದಿತ್ತಲ್ವಾ? ಅದಕ್ಕೇ ಕೇಳ್ದೆ.’

‘ಮೂರಕ್ಕೆಲ್ಲ ಬಿಡೋಕಾಗಲ್ಲ,’ ಎಂದರು, ಗಲ್ಲಾಪೆಟ್ಟಿಗೆಯ ಹಿಂದೆ ಕೂತವರಂತೆ. ‘ನಾನು ಆ ಹೋಟ್ಲಲ್ಲಿ ಮತ್ತೆ ಕೂರ್ಬೇಕು. ಚಹಾ ಎಲ್ಲಾ ಕಡೆ ಸಿಗುತ್ತೆ, ಅವ್ರು ಸಿಗಲ್ಲ.’ ಬೆಲೆಯನ್ನು ತಾವೇ ಏರಿಸುತ್ತಿರುವುದು ತಡವಾಗಿ ಹೊಳೆದು ನಕ್ಕುಬಿಟ್ಟರು.

‘ಹಾಗಾದ್ರೆ ಏನ್ಮಾಡೋಣ ಅಂತಿದೀರಾ?’

‘ಹೋಟ್ಲಲ್ಲಿ ಹಾಕ್ಕೊಳ್ತೀನಿ. ಅಂಗಡೀಲಿ ಇಲ್ಲ. ಮನೇಲಂತೂ ಇಲ್ಲ.’

ದಿನವಿಡೀ ಹಾಕಿಕೊಂಡರೇ ಅಭ್ಯಾಸವಾಗುವುದು ಎಂಬ ನನ್ನ ಭಾಷಣ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಒಂದು ಮಾತು ಹೇಳಲೇ ಎಂದು ಅಪ್ಪಣೆ ಕೇಳಿ, ಹೋಟೆಲ್ಲಿಗೆ ಹೋಗುವ ಮುಂಚೆ ಸದ್ದಿಲ್ಲದ ಕಡೆ ಸ್ವಲ್ಪ ರೂಢಿ ಮಾಡಿಕೊಂಡರೆ ಗಲಾಟೆ ಸಹಿಸುವುದು ಸುಲಭ ಎಂದಷ್ಟೇ ತಿಳಿಸಿದೆ. ಉಪದೇಶವಿಲ್ಲದೆ ಆ ಮಧ್ಯಾಹ್ನ ಕಳೆದದ್ದು ನಮ್ಮ ವಂಶದಲ್ಲೇ ಮೊದಲಿರಬೇಕು.

ಕೆಲವು ವಾರಗಳ ನಂತರ ಅವರೊಬ್ಬರೇ ಬಂದರು. ಕಿವಿಯಲ್ಲಿ ಮಷೀನಿತ್ತು. ಮೊದಲು ಗೆಳೆಯನ ಮನೆಗೇ ಹೋಗಿ ಕ್ಷಮೆ ಕೇಳಿದರಂತೆ. ‘ನಿಂಗೆ ಕೇಳಿಸ್ಲಿಲ್ಲ ಅಂತ ಅವತ್ತೇ ಗೊತ್ತಾಯ್ತು. ಬರೋದು ಯಾಕೆ ಬಿಟ್ಟೆ ಅಂತಾನೇ ಗೊತ್ತಾಗ್ಲಿಲ್ಲ’ ಎಂದನಂತೆ ಅವನು. ಅಲ್ಲಿಂದ ಇಬ್ಬರೂ ಒಟ್ಟಿಗೇ ಹೋಟೆಲ್ಲಿಗೆ ನಡೆದರು.

‘ಈಗ ಮಾತೆಲ್ಲ ಕೇಳಿಸ್ತಿದ್ಯಾ ಸಾರ್?’

‘ಕೇಳಿಸ್ತಿದೆ. ಎಲ್ಲಾ ಹಳೇ ಜೋಕುಗಳೇ ಮೇಡಂ. ನಾನೇನೂ ಕಳ್ಕೊಂಡಿರ್ಲಿಲ್ಲ.’

ಅಂಗಡಿಯಲ್ಲೂ ಹಾಕಿಕೊಳ್ಳುತ್ತಾರಂತೆ. ಗಿರಾಕಿಗಳು ತಮ್ಮತಮ್ಮಲ್ಲೇ ಪಿಸುಗುಟ್ಟುವುದು ಕೇಳಿಸಿದರೆ, ಎಷ್ಟಕ್ಕೆ ಒಪ್ಪುತ್ತಾರೆಂದು ಮೊದಲೇ ತಿಳಿಯುತ್ತದೆ. ನಾನು ವಾರವಿಡೀ ಯೋಚಿಸಿದ್ದರೂ ಈ ಕಾರಣ ನನಗೆ ಹೊಳೆಯುತ್ತಿರಲಿಲ್ಲ.

‘ಮನೇಲಿ?’

‘ಊಟದ ಹೊತ್ತಲ್ಲಿ ಹಾಕ್ಕೊಳ್ತೀನಿ. ಅವ್ಳ ಸೀರಿಯಲ್ ಶುರುವಾದ ತಕ್ಷಣ ತೆಗೆದಿಡ್ತೀನಿ. ಅವ್ಳೂ ಒಪ್ಕೊಂಡಿದಾಳೆ.’

ನಾನು ಮಷೀನಿನ ಸದ್ದನ್ನು ಸ್ವಲ್ಪ ಇಳಿಸಿ, ಬ್ಯಾಟರಿ ಬದಲಿಸಿಕೊಟ್ಟೆ. ಸೀರಿಯಲ್ ವಿಷಯದಲ್ಲಿ ಏನೂ ಹೇಳಲಿಲ್ಲ.