ಮಲ್ಕಪ್ಪ ಕಾಕಾನ ಮಾಲೀಷು

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆಯ ವಾಸನೆ ನಿಮಗೆ ಗೊತ್ತಿರಬೇಕು. ಈಗ ಅದು ನನ್ನ ಮೊಣಕಾಲಿನಿಂದಲೇ ಬರುತ್ತಿದೆ. ಬೆಳಿಗ್ಗೆ ಹೆಂಡತಿ ತಿಕ್ಕಿ, "ಒಂದೀಟು ತಿರುಗಾಡ್ರಿ" ಎಂದು ಹೇಳಿ ಹೋದಳು. ನಾನು ತಿರುಗಾಡಲಿಲ್ಲ. ಕೂತಲ್ಲೇ ಮಲ್ಕಪ್ಪ ಕಾಕಾ ನೆನಪಾದ.

ನಮ್ಮಪ್ಪನ ತಮ್ಮ. ನಿಜಾಮರ ಕಾಲದಲ್ಲಿ ನಾರಾಯಣಖೇಡದ ಮೈಲಿ ಓಟದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಎರಡನೆಯವನು ಯಾರೆಂದು ಗೆದ್ದ ಮೇಲೆ ಜನ ಅವನಿಗೆ ಹೇಳಬೇಕಿತ್ತು. ಕಡೆಗೆ ತಾಂಡೂರ ಸ್ಟೇಷನ್ನಿನಲ್ಲಿ, ಬಿಟ್ಟ ರೈಲಿನ ಬೆನ್ನು ಹತ್ತಿ ಮೊಣಕಾಲು ಕೆಡಿಸಿಕೊಂಡ. ರೈಲಿಗೇನೂ ಆಗಲಿಲ್ಲ. ಅಲ್ಲಿನ ಕುಸ್ತಿ ತಾಲೀಮಿನ ಉಸ್ತಾದರೊಬ್ಬರು ತಿಕ್ಕಿ ತಿಕ್ಕಿ ನಡೆಯುವಂತೆ ಮಾಡಿದರು. ಓಟ ಮಾತ್ರ ಮುಗಿದಿತ್ತು. ಆ ವಿದ್ಯೆಯನ್ನೇ ಕಲಿತು ಜಹೀರಾಬಾದಿನ ನಮ್ಮ ಮನೆಗೆ ಬಂದ. ಕೈಕಾಲು ಬಿದ್ದುಹೋದವರಿಗೆ ಮಾಲೀಷು ಮಾಡತೊಡಗಿದ.

ಆದರೆ ಅವರನ್ನು ನಡೆಸುವಾಗ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಊರ ಸುದ್ದಿ ಹೇಳುತ್ತ ತಾನು ಮುಂದೆ ಹೋಗುವುದು, ಸುದ್ದಿ ರುಚಿಗೆ ಬಂದಾಗ ದನಿ ಇಳಿಸುವುದು. ಇಷ್ಟೇ ಚಿಕಿತ್ಸೆ. ಕೇಳಬೇಕಾದವರು ಎದ್ದು ಬರಬೇಕು.

ಹೀಗಿರುವಾಗ ಒಂದು ವರ್ಷ ನಮ್ಮವ್ವನಿಗೆ ಲಕ್ವಾ ಹೊಡೆದು ಎಡಗಾಲು ಬಿತ್ತು. ನಾಲಿಗೆಗೆ ಏನೂ ಆಗಿರಲಿಲ್ಲ. ಅದು ಮನೆಮಂದಿಗೆಲ್ಲ ಚೆನ್ನಾಗಿ ಗೊತ್ತಿತ್ತು. ಆದರೆ ತನ್ನ ಒಲೆಯ ಮುಂದೆ ಬೇರೆಯವರು ಕೂತದ್ದನ್ನು ಹಾಸಿಗೆಯಿಂದ ನೋಡುತ್ತ ಒಮ್ಮೆ, "ಮಂದಿ ಕೈಲೆ ಉಣ್ಣೂ ಬಾಳ್ವಿ ನನಗ ಬ್ಯಾಡ" ಅಂದಳು. ನನಗೆ ಭಯವಾಯಿತು.

ಮಾಲೀಷು ಮುಗಿಸಿ ಕಾಕಾ ಶುರುಮಾಡಿದ: "ವೈನಿ, ಪೆದ್ದೆಮುಲ್‌ದಾಗ ಲಗ್ನದ ಅಕ್ಕಿಕಾಳು ಬೀಳೂ ಹೊತ್ತಿಗಿ ಮದುಮಗ ಎದ್ದು ನಡದಾನಂತ..." ಎನ್ನುತ್ತ ಅಡುಗೆಮನೆಯ ಕಡೆ ಹೊರಟ. ದನಿ ಇಳಿಯಿತು.

"ಏ ಮಲ್ಕ್ಯಾ, ಜೋರ್‌ಲೆ ಹೇಳೋ!"

"ಜೋರ್‌ಲೆ ಹೇಳೂ ಮಾತಲ್ರಿ ಅದು."

ಅವ್ವ ಗೋಡೆ ಹಿಡಿದು ಎದ್ದಳು, ಬಯ್ದಳು, ಕುಸಿದಳು. ವಾರಗಟ್ಟಲೆ ಆ ಮದುಮಗ ಮಂಟಪ ದಾಟಲಿಲ್ಲ, ಅವ್ವ ಪಡಸಾಲೆ ದಾಟಲಿಲ್ಲ. ಒಂದು ಮುಂಜಾನೆ ಕಾಕಾ ಅಡುಗೆಮನೆಯ ಹೊಸ್ತಿಲಲ್ಲಿ ಪಿಸುಗುಡುತ್ತಿದ್ದಾಗ ಅವ್ವ ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗಿದಳು.

"ಅಂವ ಎಲ್ಲಿಗಿ ಹ್ವಾದ? ಹೇಳ್ತೀಯೋ ಇಲ್ಲೋ?"

ಕಾಕಾ ತಿರುಗಿದ. ಅವ್ವನ ಇನ್ನೊಂದು ಕೈ ಗೋಡೆಯ ಮೇಲಿರಲಿಲ್ಲ, ಸೊಂಟದ ಮೇಲಿತ್ತು.

"ನನಗೂ ಗೊತ್ತಿಲ್ರಿ ವೈನಿ. ನಾನೂ ಅಷ್ಟೇ ಕೇಳೀನಿ" ಎಂದವನೇ ಹೋ ಎಂದು ಅತ್ತುಬಿಟ್ಟ.

ಅವ್ವ ಒಳಗೆ ಹೋಗಿ, ಒಲೆಯ ಮುಂದಿದ್ದವರನ್ನು ಎಬ್ಬಿಸಿ, ತಾನು ಕೂತಳು. ಆ ದಿನವೆಲ್ಲ ಅವನನ್ನು ಬಯ್ದಳು. ಬೈಗುಳ ಕೇಳಿ ನಮಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಇಷ್ಟು ನೆನೆಯುವಷ್ಟರಲ್ಲಿ ನಾನೇ ಎದ್ದು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದಿದ್ದೆ.

"ಏನ್ ಬೇಕಿತ್ರಿ?" ಎಂದಳು ಹೆಂಡತಿ.

"ಏನಿಲ್ಲ. ನಮ್ಮವ್ವನ್ನ ನೀ ನೋಡೇ ಇಲ್ಲಲ್ಲ, ಹೇಳಾಕ ಬಂದೀನಿ. ಕುಂದ್ರು."