ಸೀಸೆ ಮೂಸಿದ ಕಾಂಪೌಂಡರು

ನಮ್ಮ ಸೋದರಮಾವ ಮೂರು ತಿಂಗಳಿಂದ ಕುಡಿದಿರಲಿಲ್ಲ. ಅದನ್ನು ನಂಬದವರಲ್ಲಿ ಮೊದಲಿಗಳು ನಾನೇ. ಆ ವರ್ಷ ಹಾಸನದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ರಜೆಗೆ ನಮ್ಮೂರು ಹಾನುಬಾಳಿಗೆ ಬಂದಿದ್ದೆ. ಸಾಕ್ಷಿಯಿಲ್ಲದೆ ಏನನ್ನೂ ಒಪ್ಪಬಾರದೆಂಬ ಹುಮ್ಮಸ್ಸು. "ಎಲ್ಲಾ ಕುಡುಕರೂ ಹಂಗೇ ಅನ್ನೋದು ಮಾವ, ಸಾಕ್ಷಿ ಎಲ್ಲಿ?" ಎಂದು ಕೇಳಿಯೂ ಬಿಟ್ಟಿದ್ದೆ. ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದ ಮಾವ ನಕ್ಕು, "ಕುಡೀದೆ ಇರೋದಕ್ಕೆ ಏನವ್ವ ಸಾಕ್ಷಿ ತೋರ್ಸ್ಲಿ? ಖಾಲಿ ಲೋಟಾನ?" ಎಂದಿದ್ದ.

ಅವನು ಬಿಟ್ಟರೂ ಅವನ ಸಾರಾಯಿ ಸೀಸೆಗಳು ಮನೆ ಬಿಟ್ಟಿರಲಿಲ್ಲ. ಅಮ್ಮ ಅವನ್ನು ಬೂದಿ ಹಾಕಿ ತೊಳೆದು ಒಂದರಲ್ಲಿ ಸೀಮೆಎಣ್ಣೆ, ಒಂದರಲ್ಲಿ ಹರಳೆಣ್ಣೆ ತುಂಬಿಟ್ಟಿದ್ದಳು.

ಒಂದು ಬೆಳಿಗ್ಗೆ ನೋಡಿದರೆ ಮಾವ ಗೋಡೆಯ ಮುಂದೆ ನಿಂತು ಆಳುಗಳ ಹಾಜರಿ ಕರೆಯುತ್ತಿದ್ದ. ಎರಡು ದಿನದಿಂದ ಚಳಿಜ್ವರ ಬರುವುದು, ಬಿಡುವುದು ನಡೆದಿತ್ತು. ಈಗ ಮೈಯೆಲ್ಲ ಬೆಂಕಿ, ಕಾಲು ನಿಲ್ಲುತ್ತಿಲ್ಲ. ಪಕ್ಕದ ಮನೆಯ ಸಾಬರು ತಮ್ಮ ಜೀಪು ತಂದರು. ಆಗೆಲ್ಲ ಆಸ್ಪತ್ರೆಯ ಮಿಕ್ಸ್ಚರಿಗೆ ಸೀಸೆ ನಾವೇ ಒಯ್ಯಬೇಕು. ಅಮ್ಮ ಮಾವನ ಹಣೆಗೆ ವಿಭೂತಿ ಬಳಿದು, ಆತುರದಲ್ಲಿ ಇನ್ನೂ ತೊಳೆಯದೆ ಉಳಿದಿದ್ದ ಒಂದು ಖಾಲಿ ಸೀಸೆಯನ್ನು ನನ್ನ ಕೈಗೆ ತುರುಕಿದಳು.

ಪೇಟೆಯ ಆಸ್ಪತ್ರೆಯಲ್ಲಿ ಕಾಂಪೌಂಡರ ಚೀಟಿಯಿಲ್ಲದೆ ಯಾರೂ ಡಾಕ್ಟರ ಕೋಣೆಗೆ ಹೋಗುವಂತಿಲ್ಲ. ಅವರು ಕಿಟಕಿಯ ಹಿಂದಿನಿಂದಲೇ ಮೊದಲು ಸೀಸೆ ಇಸಿದುಕೊಂಡರು. ಬಿರಡೆ ತೆಗೆದು ಮೂಸಿದರು. ಸಾಬರ ಹೆಗಲಿಗೆ ಜೋತುಬಿದ್ದು ತೂಗಾಡುತ್ತಿದ್ದ ಮಾವನನ್ನು ಅಲ್ಲಿಂದಲೇ ನೋಡಿದರು.

"ಹಣೆ ತುಂಬ ವಿಭೂತಿ, ಸೀಸೆ ತುಂಬ ಘಮಲು! ಹಿಂದ್ಗಡೆ ಜಗಲೀಲಿ ಮಲಗ್ಸಿ. ಇಳಿದ್ ಮೇಲೆ ನೋಡಾನ."

ಹಿಂದಿನ ಜಗಲಿ ಕುಡಿದವರಿಗೆ, ತಲೆ ಕೆಟ್ಟವರಿಗೆ. ಅಲ್ಲಿ ಆಗಲೇ ಒಬ್ಬ ಹೆಂಗಸು ತನ್ನಷ್ಟಕ್ಕೆ ಮಾತಾಡುತ್ತ ಕೂತಿದ್ದಳು. ಕಾಲಿನ ಹುಣ್ಣು ತೋರಿಸಲು ಬಂದವಳು. ಮಾತಾಡುತ್ತಾಳೆಂದು ಅವಳಿಗೂ ಚೀಟಿ ಸಿಕ್ಕಿರಲಿಲ್ಲ. ಮಾವನನ್ನು ಅವಳ ಪಕ್ಕ ಮಲಗಿಸಿದೆವು. ಅವನು ಅಲ್ಲೂ ಹಾಜರಿ ಕರೆಯುತ್ತಿದ್ದ, ದನಿ ಮಾತ್ರ ಇಳಿಯುತ್ತಿತ್ತು. ಹನ್ನೊಂದಕ್ಕೆ ಡಾಕ್ಟರು ತೋಟಗಳ ಕಡೆ ಹೊರಟರೆ ಮತ್ತೆ ಸಿಗುವುದು ಮಾರನೇ ದಿನ. ಗಡಿಯಾರದಲ್ಲಿ ಹತ್ತೂಮುಕ್ಕಾಲು.

ಕಿಟಕಿಗೆ ಓಡಿದೆ. "ಮೈ ಕೆಂಡ ಆಗೈತೆ ಸಾರ್!"

"ಸಾರಾಯಿ ಒಳಗಿದ್ರೆ ಮೈ ಐಸಾಗ್ತದೇನವ್ವ?"

"ಅವರು ಕುಡಿದಿಲ್ಲ. ಕುಡಿಯೋದು ಬಿಟ್ಟು ಮೂರು ತಿಂಗಳಾಯ್ತು."

"ಎಲ್ಲಾ ಕುಡುಕರೂ ಹಂಗೇ ಅನ್ನೋದು."

ಅದು ಅಕ್ಷರಶಃ ನನ್ನದೇ ವಾದ. ಎದುರಾಳಿಯ ಬಾಯಲ್ಲಿ ಕೇಳಿದಾಗ ಅದೆಷ್ಟು ಪೊಳ್ಳಾಗಿತ್ತು! ಪೊಳ್ಳು ವಾದ ಒಡೆಯುವ ದಾರಿ ನನಗೆ ಗೊತ್ತಿತ್ತು.

"ಸಾರ್, ವಾಸ್ನೆ ಎಲ್ಲಿಂದ ಬಂತು?"

"ಸೀಸೆಯಿಂದ. ಇನ್ನೆಲ್ಲಿಂದ?"

"ಹಂಗಾದ್ರೆ ಕುಡಿದಿರೋದು ಸೀಸೆ. ಅದಕ್ಕೆ ಚೀಟಿ ಕೊಡಬೇಡಿ. ಮನುಷ್ಯನ ಬಾಯಿ ಮೂಸಿದ್ರಾ?"

ಸಾಲಿನಲ್ಲಿದ್ದವರು ಗೊಳ್ಳೆಂದರು. ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಮುದುಕರೊಬ್ಬರು, "ಮೂಸಿಬಿಡಿ ಮಾರಾಯ್ರೇ, ಗಂಟೇನು ಹೋಯ್ತದೆ!" ಎಂದರು.

"ಮೂಸ್ತೀನಿ ಕಣಮ್ಮ! ವಾಸ್ನೆ ಬಂದ್ರೆ ಕಾಲೇಜು ಬಿಟ್ಬುಡ್ತೀಯ?"

"ಬಿಡ್ತೀನಿ!" ಎಂದುಬಿಟ್ಟೆ. ಮಾವನ ಮಾತಿನ ಮೇಲೆ ಅಷ್ಟು ದೊಡ್ಡ ಪಂತ ಕಟ್ಟಿದ್ದು ಅದೇ ಮೊದಲು.

ಕಾಂಪೌಂಡರು ಕೆಂಪೇರಿದ ಮುಖದಲ್ಲಿ ಜಗಲಿಗೆ ಬಂದು ಬಗ್ಗಿದರು. ಒಂದು ಸಲ ಮೂಸಿದರು. ಇನ್ನೊಂದು ಸಲ. ಮೂರನೆಯ ಸಲ ಮೂಸಲಿಲ್ಲ, ಹಣೆಯ ಮೇಲೆ ಕೈಯಿಟ್ಟರು. ಥಟ್ಟನೆ ಹಿಂದೆಗೆದರು. ಚೀಟಿ ಬರೆಯುವುದನ್ನೂ ಮರೆತು ಒಳಕ್ಕೆ ಓಡಿದವರು, ಹೊರಡಲು ಚೀಲ ಹಿಡಿದಿದ್ದ ಡಾಕ್ಟರನ್ನು ಹಾಗೇ ಕರೆತಂದರು.

ಡಾಕ್ಟರು ಮಾವನ ರೆಪ್ಪೆ ಬಿಡಿಸಿ ನೋಡಿ, ಎಡಪಕ್ಕೆಯ ಕೆಳಗೆ ಒತ್ತಿದರು. "ಮಲೇರಿಯಾ, ತಲೆಗೇರಿದೆ. ನಾನು ಹೋಗಿದ್ದರೆ ಸಾಯಂಕಾಲ ಈತ ಇರ್ತಿರಲಿಲ್ಲ. ಇಲ್ಲಿ ಮಲಗಿಸಿದ್ದು ಯಾರು?"

"ನಾನೇ ಸಾರ್," ಎಂದರು ಕಾಂಪೌಂಡರು. ತಪ್ಪನ್ನು ಬೇರೆಯವರ ತಲೆಗೆ ಕಟ್ಟಲಿಲ್ಲ. ಅದಕ್ಕೊಂದು ಅಂಕ ಕೊಟ್ಟೆ. ಕ್ವಿನೈನ್ ಇಂಜೆಕ್ಷನ್ ಅವರೇ ಸಿದ್ಧಮಾಡಿದರು. ಮಾವ ಒಳಗಿನ ಮಂಚಕ್ಕೆ ಹೋದ. ತೋಟಗಳ ಭೇಟಿ ಆ ದಿನ ನಿಂತುಹೋಯಿತು. ಆ ಹೆಂಗಸಿಗೂ ಚೀಟಿ ಸಿಕ್ಕಿತು. ಹುಣ್ಣು ತೊಳೆಸಿಕೊಳ್ಳುತ್ತಲೇ ಅವಳು ಮಾತಾಡುತ್ತಿದ್ದಳು, ಕಾಂಪೌಂಡರು "ಹೂಂ, ಹೂಂ" ಎನ್ನುತ್ತ ಪಟ್ಟಿ ಕಟ್ಟಿದರು.

ನಾಲ್ಕನೇ ದಿನ ಮಾವನಿಗೆ ಪೂರ್ತಿ ಎಚ್ಚರವಾಯಿತು. ನಡೆದದ್ದನ್ನೆಲ್ಲ ಸಾಬರು ಬಣ್ಣ ಕಟ್ಟಿ ಹೇಳಿದರು. ಮಾವ ನನ್ನತ್ತ ತಿರುಗಿ, "ಮೂಸೋಕೆ ಮುಂಚೆ ಬಾಯಿಗೆ ಒಂದ್ ಏಲಕ್ಕಿನಾದ್ರೂ ಹಾಕಬಾರದಾಗಿತ್ತೇನವ್ವ! ಎರಡು ದಿನದಿಂದ ಹಲ್ಲುಜ್ಜಿರಲಿಲ್ಲ ಕಣೇ!" ಎಂದ. ಪಕ್ಕದ ಮಂಚದವನೂ ನಕ್ಕ.

"ಮಾವ, ನಾನೂ ನಿನ್ನನ್ನ ನಂಬಿರಲಿಲ್ಲ," ಎಂದೆ. ವಾದದಲ್ಲಿ ಸೋಲೊಪ್ಪಿ ಅಷ್ಟು ಖುಷಿಪಟ್ಟ ನೆನಪು ನನಗೆ ಬೇರೆ ಇಲ್ಲ.

"ಗೊತ್ತೈತೆ ಬುಡು. ಗಂಜಿ ಕೊಡು, ಉಪ್ಪು ಜಾಸ್ತಿ ಹಾಕು."

ಹತ್ತನೇ ದಿನ ಮಾವ ಆಸ್ಪತ್ರೆಯ ಮೆಟ್ಟಿಲನ್ನು ತಾನೇ ಇಳಿದ. ಸಾಬರು ಹೆಗಲು ಕೊಡಲು ಬಂದರೆ, "ಬುಡಿ ಸಾಬ್ರೆ, ಕಾಲು ನನ್ನವೇ ಅವೆ," ಎಂದು ಜೀಪಿನ ಮುಂದಿನ ಸೀಟು ಹತ್ತಿ ಕೂತ.